ಲ್ಯಾಬಿನ ಆ ತಮ್ಮನಿಗೆ

ಅಪ್ಪನ ಟಿಬಿ ವಾಸಿಯಾಗಿ ವರ್ಷಗಳೇ ಆಗಿದ್ದವು. ಮತ್ತೆ ಕೆಮ್ಮಿನಲ್ಲಿ ರಕ್ತ ಬಂದಾಗ ಮುಂಬೈನ ಮಾಟುಂಗದಿಂದ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಿದೆವು. ಎರಡು ಸಲ ಕೊಟ್ಟ ಕಫದಲ್ಲಿ ಏನೂ ಸಿಗಲಿಲ್ಲ. ನನಗೆ ಜೀವವೇ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ 6ಕ್ಕೆ ಲ್ಯಾಬಿನ ಹುಡುಗ ಬಂದ. ಡಬ್ಬಿಯನ್ನು ಬೆಳಕಿಗೆ ಹಿಡಿದು, ‘ಅಜ್ಜಾರ, ಇದು ಬರೇ ಉಗುಳು. ಎದಿಯೊಳಗಿನ ಕಫ ಬೇಕ್ರಿ’ ಎಂದ. ನಮ್ಮ ಕಡೆಯ ಕನ್ನಡ! ಸುಮ್ನೆ ತಗೊಂಡು ಹೋಗಬಹುದಿತ್ತು ಅಲ್ವಾ? ಹೋಗಲಿಲ್ಲ. ಬಾಯಿ ಮುಕ್ಕಳಿಸಲು ನೀರು ಕೊಟ್ಟ. ಬೆನ್ನಿಗೆ ಕೈಯಿಟ್ಟು ನಿಧಾನವಾಗಿ ಉಸಿರು ಎಳೆಸಿದ. 20 ನಿಮಿಷ ಕಾದ.

ಆ ಕಫದಲ್ಲೇ ಆಸ್ಪರ್ಜಿಲಸ್ ಫಂಗಸ್ ಬೆಳೆಯಿತು. ಹಳೇ ಟಿಬಿ ಶ್ವಾಸಕೋಶದಲ್ಲಿ ಬಿಟ್ಟುಹೋದ ಕುಳಿಯಲ್ಲಿ ಅದು ಕೂತಿತ್ತಂತೆ. ಈಗ ಫಂಗಸ್‌ಗೆ ಕೊಡುವ ವೊರಿಕೊನಜೋಲ್ ಮಾತ್ರೆ ನಡೆದಿದೆ, ಊಟಕ್ಕೆ 1 ಗಂಟೆ ಮೊದಲು. ಅಪ್ಪ ರಾತ್ರಿಯಿಡೀ ನಿದ್ದೆ ಮಾಡುತ್ತಾರೆ.

ತಮ್ಮಾ, ಗಾಬರಿಯಲ್ಲಿ ನಿನ್ನ ಹೆಸರೂ ಕೇಳಲಿಲ್ಲ. ತುಂಬಾ ಥ್ಯಾಂಕ್ಸ್ ಕಣೋ.