ನೀರಿಗಿಳಿಯುವ ಮೊದಲು ಓದು

ಮಗಳೇ,

ನಿನ್ನೆ ರಾತ್ರಿ ನಿನ್ನನ್ನು ಕೇಳದೆ ನಿನ್ನ ಚೀಲ ಬಿಚ್ಚಿ ನೋಡಿದ್ದು ನನ್ನ ತಪ್ಪು. "ಅಪ್ಪ, ನನ್ನನ್ನೂ ಬೋಟಿಗೆ ಬಂದ ಗಿರಾಕಿ ಅಂದ್ಕೊಂಡಿದ್ದೀಯಾ?" ಅಂದೆಯಲ್ಲ, ಆಗ ಉತ್ತರ ಹೊಳೆಯಲಿಲ್ಲ. ನಾಳೆ ಎಂಟು ಜನರನ್ನು ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗುವ ಗೈಡು ನೀನು. ಉಳಿದ ಜಗಳದ ಮಾತು ಇಬ್ಬರಿಗೂ ಗೊತ್ತೇ ಇದೆ, ಬಿಡು.

ಒಂದೇ ವಿಷಯ ಬರೆದು ಮುಗಿಸಬೇಕು ಅಂತ ಕೂತಿದ್ದೇನೆ. ಸ್ನಾರ್ಕ್ಲಿಂಗ್ ಮಾಡುವವರು ಉಸಿರಿನ ಕೊಳವೆ ಬಾಯಲ್ಲಿ ಕಚ್ಚಿ, ಮುಖ ನೀರಿಗಿಟ್ಟು, ಕೈಕಾಲು ಸಡಿಲ ಬಿಟ್ಟು ತೇಲುತ್ತಾರೆ. ಪ್ರಜ್ಞೆ ತಪ್ಪಿದವರೂ ಹಾಗೇ ತೇಲುತ್ತಾರೆ. ಬೋಟಿನ ಮೇಲೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಮುಳುಗುವವರು ಕೂಗುತ್ತಾರೆ ಅಂತ ನಂಬಬೇಡ. ಉಸಿರಿಗೇ ಗತಿಯಿಲ್ಲದವರು ಕೂಗುವುದು ಎಲ್ಲಿಂದ? ಅದಕ್ಕೇ ಇಳಿಸುವ ಮೊದಲೇ ಸನ್ನೆ ಕಲಿಸು. ಮುಷ್ಟಿ ನೆತ್ತಿಯ ಮೇಲಿಟ್ಟರೆ "ಚೆನ್ನಾಗಿದ್ದೇನೆ", ಕೈ ಎತ್ತಿ ಬೀಸಿದರೆ "ಬಾ". ಫೋಟೋಗೆ ಅಂತ ಯಾರೂ ಕೈ ಬೀಸಕೂಡದು, ಅದನ್ನು ಖಡಾಖಂಡಿತವಾಗಿ ಹೇಳು. ನಿಮಿಷಕ್ಕೊಮ್ಮೆ ನೀನು ಕರೆಯಬೇಕು, ಅವರು ತಲೆ ಎತ್ತಿ ಮುಷ್ಟಿ ತೋರಿಸಬೇಕು. ತೋರಿಸದವರ ಹತ್ತಿರ ಈಜಿ ಹೋಗಿ ಭುಜ ತಟ್ಟು. ಹತ್ತು ಸಲ ಸುಮ್ಮನೆ ಮೀನು ನೋಡುತ್ತಿದ್ದವರಿಗೆ ತೊಂದರೆ ಕೊಟ್ಟಂತಾಗುತ್ತದೆ, ಬೈಸಿಕೊಳ್ಳುತ್ತೀಯ. ಬೈಸಿಕೋ.

ಎಂಟು ಜನ ಅಂದರೆ ನಾಲ್ಕು ಜೋಡಿ. ಒಮ್ಮೆಗೆ ಎರಡೇ ಜೋಡಿ ನೀರಿಗೆ. ಉಳಿದವರು ಬೋಟಿನಲ್ಲಿ ಕೂತು ಗೊಣಗಿದರೆ ಗೊಣಗಲಿ.

ಗಾಬರಿ ಯಾಕಾಗುತ್ತದೆ ಅಂತ ಅವರಿಗೂ ಬಿಡಿಸಿ ಹೇಳು. ಕೊಳವೆಯೊಳಗೆ ಹಿಂದಿನ ಉಸಿರಿನ ಕೆಟ್ಟ ಗಾಳಿ ಸ್ವಲ್ಪ ಉಳಿದಿರುತ್ತದೆ. ಭಯದಲ್ಲಿ ಚಿಕ್ಕ ಚಿಕ್ಕದಾಗಿ, ಬೇಗ ಬೇಗ ಉಸಿರಾಡಿದರೆ ಅದನ್ನೇ ಮತ್ತೆ ಮತ್ತೆ ಎಳೆದುಕೊಂಡಂತೆ. ಆಗ ಎದೆ ಬಿಗಿಯುತ್ತದೆ, ಭಯ ಇನ್ನೂ ಹೆಚ್ಚುತ್ತದೆ, ಕೊನೆಗೆ ಕೊಳವೆ ಕಿತ್ತು ಬಿಸಾಕುತ್ತಾರೆ. ನಿಧಾನವಾಗಿ ಉದ್ದಕ್ಕೆ ಎಳೆದು, ಎಳೆದಿದ್ದಕ್ಕಿಂತ ನಿಧಾನ ಬಿಡಬೇಕು. ಬೋಟಿನ ಏಣಿ ಹಿಡಿದುಕೊಂಡೇ ಎರಡು ನಿಮಿಷ ಹೀಗೆ ಮಾಡಿಸು, ಆಮೇಲೆ ಬಿಡು. ಕೊಳವೆಗೆ ನೀರು ಹೊಕ್ಕರೆ "ತೂ" ಅಂತ ಜೋರಾಗಿ ಊದಬೇಕು. ಮಾಸ್ಕಿಗೆ ಹೊಕ್ಕರೆ ಮೇಲಿನ ಅಂಚು ಒತ್ತಿ ಹಿಡಿದು, ಮುಖ ಸ್ವಲ್ಪ ಎತ್ತಿ, ಮೂಗಿನಿಂದ ಊದಬೇಕು.

ಮಾಸ್ಕ್ ಸೋರಿದರೆ ಎಲ್ಲರೂ ಪಟ್ಟಿ ಬಿಗಿ ಮಾಡುತ್ತಾರೆ. ಬಿಗಿ ಮಾಡಿದಷ್ಟೂ ರಬ್ಬರಿನ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತದೆ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಗಾಳಿ ಎಳೆಯಲಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದೇ ಅವರ ಮಾಸ್ಕು. ಒಂದೆಳೆ ಕೂದಲು ಸಿಕ್ಕಿಕೊಂಡರೂ ಸೋರುತ್ತದೆ, ಮೀಸೆಯವರಿಗೆ ಹೇಗೂ ಸ್ವಲ್ಪ ಸೋರಿಯೇ ಸೋರುತ್ತದೆ. ಗಾಜಿನ ಒಳಗೆ ಉಗುಳು ಸವರಿ ಒಮ್ಮೆ ಅದ್ದಿ ತೆಗೆದರೆ ಮಂಜು ಕಟ್ಟುವುದಿಲ್ಲ. ಪಟ್ಟಣದವರು ಮುಖ ಸಿಂಡರಿಸುತ್ತಾರೆ, ಅಂಥವರಿಗೆ ಬೇಬಿ ಶಾಂಪೂ ಇಟ್ಟುಕೋ.

ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಬಲವಾಗಿ, ತೆರೆ ಎದ್ದು, ವಾಪಸು ಬರುವಾಗ ಬೋಟು ಕುಣಿಯುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಅರ್ಧ ದಾರಿಯೊಳಗೇ ಒಬ್ಬರಾದರೂ ವಾಂತಿ ಮಾಡುತ್ತಾರೆ. ಮಾತ್ರೆ ಹೊರಡುವ ಅರ್ಧ ಗಂಟೆ ಮೊದಲೇ ನುಂಗಿರಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ ಅನ್ನು, ಎರಡು ಇಡ್ಲಿ ಸಾಕು. ಫೋನ್ ಒಳಗಿಡಿಸಿ, ಬೋಟಿನ ನಡುವೆ ಕೂರಿಸಿ, ದೂರದ ಗೋಪುರ ನೋಡಿಸು. 20 ಅಂತಸ್ತಿನ ಗೋಪುರ, 123 ಅಡಿಯ ಶಿವ, ಎಲ್ಲ ಆಗಲೇ ಹೇಳಿಬಿಡು. ಮಾತಿಗೆ ಮಾತೂ ಆಯಿತು, ಕಣ್ಣು ದಡದ ಮೇಲೆ ನಿಂತಂತೆಯೂ ಆಯಿತು. ದ್ವೀಪ ಹೃದಯದ ಆಕಾರದಲ್ಲಿದೆಯಂತಲ್ಲ, ಎಲ್ಲಿ, ಅಂತ ಕೇಳಿಯೇ ಕೇಳುತ್ತಾರೆ. ಅದು ಕಾಣುವುದು ಮೇಲಿಂದ ಮಾತ್ರ. ಅವರಿಗೆ ಬಿಳಿ ಹೊಟ್ಟೆಯ ಕಡಲ ಹದ್ದು ತೋರಿಸು. ಬಂಡೆ ಹತ್ತಿಸುವ ಮಾತು ಬೇಡ, ನೌಕಾಪಡೆ ಗುಂಡಿನ ಅಭ್ಯಾಸ ಮಾಡಿದ ಜಾಗ ಅದು.

ಲಂಗರು ಹಾಕಿದ ಮೇಲೆ ಮೊದಲು ನೀನೊಬ್ಬಳೇ ಇಳಿದು ಸೆಳೆತ ಯಾವ ಕಡೆಗಿದೆ ನೋಡು. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ನೀರೇ ಬೋಟಿನ ಕಡೆ ತರುವಂತಿರಬೇಕು. ಉಲ್ಟಾ ಮಾಡಿದರೆ ಹೋಗುವಾಗ ಖುಷಿ, ಬರುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ಕಾಲಿಗೆ ಹಾಕಿದ ಫಿನ್ನಿನ ತುದಿಯನ್ನು ಮೈ ಕಡೆ ಎಳೆದು ಹಿಡಿ. ಹವಳದ ಮೇಲೆ ಯಾರೂ ನಿಲ್ಲಬಾರದು: ಅದೂ ಸಾಯುತ್ತದೆ, ಇವರ ಕಾಲೂ ಕುಯ್ದು ಕೀವಾಗುತ್ತದೆ.

ನೋಡು, ಒಂದೇ ವಿಷಯ ಅಂದವನು ಇಷ್ಟು ಕೊರೆದೆ. ಮತ್ತೆ ಅದಕ್ಕೇ ಬರುತ್ತೇನೆ, ಬೈಕೋಬೇಡ. ಈಜು ಬಾರದವರು ಲೈಫ್ ಜಾಕೆಟ್ ಅಪ್ಪಿಕೊಂಡು ಏಣಿಯ ಹತ್ತಿರವೇ ಇರುತ್ತಾರೆ, ಅವರದ್ದು ನನಗೆ ಚಿಂತೆಯಿಲ್ಲ. ಈಜುಕೊಳದಲ್ಲಿ ಕಲಿತು ಬಂದ ಗಟ್ಟಿಗರು ಜಾಕೆಟ್ ಬಿಚ್ಚಿ, ಜೋರಾಗಿ ಹತ್ತು ಹದಿನೈದು ಉಸಿರು ಎಳೆದು ಮೀನಿನ ಹಿಂದೆ ಕೆಳಗೆ ಹೋಗುತ್ತಾರೆ. ಹಾಗೆ ಎಳೆದಾಗ ದೇಹಕ್ಕೆ ಉಸಿರು ಬೇಕು ಅನ್ನಿಸುವುದೇ ತಡವಾಗುತ್ತದೆ. ಮೇಲೆ ಬರುವ ಕೊನೆಯ ಒಂದೆರಡು ಮೀಟರಿನಲ್ಲಿ ದೀಪ ಆರಿದ ಹಾಗೆ ಪ್ರಜ್ಞೆ ಹೋಗುತ್ತದೆ. ಸದ್ದಿಲ್ಲ, ಒದ್ದಾಟವಿಲ್ಲ. ಜಾಕೆಟ್ ಬಿಚ್ಚಿದವರನ್ನು ಮೇಲೆ ಹತ್ತಿಸು, ದುಡ್ಡು ವಾಪಸು ಕೇಳಿದರೆ ಬೋಟು ನಡೆಸುವ ತಾಂಡೇಲರಿಗೆ ಹೇಳು. ನೀನು ಹುಡುಗಿ ಅಂತ ದಬಾಯಿಸಲು ನೋಡುತ್ತಾರೆ. ನಿನ್ನ ದನಿ ಎಂಥದ್ದು ಅಂತ ನಿನ್ನೆ ರಾತ್ರಿ ಕೇಳಿದ್ದೇನೆ, ಆ ಚಿಂತೆ ನನಗಿಲ್ಲ.

ಚೀಲದಲ್ಲಿ ಎಲ್ಲ ಸರಿ ಇತ್ತು. ನಾನು ಜೋಡಿಸಿದ್ದರೆ ಅಷ್ಟು ಅಚ್ಚುಕಟ್ಟಾಗಿ ಇರುತ್ತಿರಲಿಲ್ಲ. ಮಾಸ್ಕಿನ ಎರಡು ಹೆಚ್ಚುವರಿ ಪಟ್ಟಿ ಮಾತ್ರ ಪಕ್ಕದ ಜೇಬಿನಲ್ಲಿಟ್ಟಿದ್ದೇನೆ.

ಎಂಜಿನ್ ಶುರು ಮಾಡುವ ಮೊದಲು ತಲೆ ಎಣಿಸು, ಮುಟ್ಟಿ ಎಣಿಸು. ದಡಕ್ಕೆ ಬಂದ ಕೂಡಲೇ ಫೋನ್ ಮಾಡಬೇಕೆಂದಿಲ್ಲ. ಮಾಸ್ಕುಗಳನ್ನು ಸಿಹಿನೀರಲ್ಲಿ ತೊಳೆದು ನೆರಳಿಗೆ ಹಾಕಿ, ಆಮೇಲೆ ಮಾಡು.

ನಿನ್ನ ಅಪ್ಪ