ಕೇಸ್ ಶೀಟಿನಲ್ಲಿ ಬಾಲ್ಯಕ್ಕೂ ಒಂದು ಸಾಲಿರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಸ್ತನ ಕ್ಯಾನ್ಸರ್ ಲೇಖನ ಓದಿದೆ. ತೂಕ ಇಳಿಸಿ, ದಿನಾ ನಡೆಯಿರಿ, ಕುಡಿತ ಬಿಡಿ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಲೇಖನ ಓದಿದರೆ ಹೆಂಗಸಿನ ಬದುಕು ಶುರುವಾಗುವುದೇ ನಲವತ್ತರ ನಂತರ ಎನ್ನುವಂತಿತ್ತು.

ಆರು ವರ್ಷದ ಹಿಂದೆ ನನಗೆ ಎಡಗಡೆ ಗಡ್ಡೆ ಕಂಡಿತು. ಆಸ್ಪತ್ರೆಯಲ್ಲಿ ಕೇಸ್ ಶೀಟ್ ತುಂಬಿದ ಹುಡುಗಿ ಮುಟ್ಟು ಶುರುವಾದ ವಯಸ್ಸು ಕೇಳಿದಳು, ನಿಂತ ವಯಸ್ಸು ಕೇಳಿದಳು, ಮಕ್ಕಳೆಷ್ಟು, ಎಷ್ಟು ತಿಂಗಳು ಹಾಲೂಡಿಸಿದಿರಿ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದೆಲ್ಲ ಕೇಳಿದಳು. ‘ಚಿಕ್ಕವರಿದ್ದಾಗ ಮನೆಯಲ್ಲಿ ಏನು ಔಷಧಿ ಹೊಡೀತಿದ್ರು ಅಮ್ಮ?’ ಅಂತ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಬೇಕಾದಷ್ಟಿತ್ತು.

ನಮ್ಮ ಮನೆಗೆ ಪಂಪು ಹೊತ್ತವರು ಬಂದು ಗೋಡೆಗೆಲ್ಲ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆದು ಹೋಗುತ್ತಿದ್ದರು. ಒಣಗಿದ ಮೇಲೆ ಗೋಡೆಯ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿರುತ್ತಿತ್ತು. ನಾನೂ ತಮ್ಮನೂ ಅದರ ಮೇಲೆ ಬೆರಳಲ್ಲಿ ಮಗ್ಗಿ ಬರೆಯುತ್ತಿದ್ದೆವು. ತಪ್ಪಾದರೆ ಅಂಗೈಯಿಂದ ಅಳಿಸಿ, ಕೈಯನ್ನು ಬಟ್ಟೆಗೆ ಉಜ್ಜಿಕೊಂಡು, ಮತ್ತೆ ಏಳೊಂದ್ಲಿ ಏಳು. ಅದೇ ಪುಡಿಯ ಡಬ್ಬಿಯೊಂದು ಮಂಚದ ಕೆಳಗೂ ಇತ್ತು. ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಅಮ್ಮ ಹಾಸಿಗೆಯ ಅಂಚಿಗೆ ಉದುರಿಸುತ್ತಿದ್ದಳು, ತಮ್ಮ ಹೊಟ್ಟೆಯಲ್ಲಿದ್ದಾಗಲೂ. ಅವಳನ್ನು ದೂರಲಾರೆ. ಮಲೇರಿಯಾ ಕೊಲ್ಲುತ್ತಿದ್ದ ಕಾಲ ಅದು, ಆ ಪುಡಿ ಎಷ್ಟೋ ಮಕ್ಕಳನ್ನು ಉಳಿಸಿದ್ದೂ ನಿಜ.

ನನ್ನ ಗಡ್ಡೆಗೆ ಅದೇ ಕಾರಣ ಎನ್ನುತ್ತಿಲ್ಲ. ಒಬ್ಬಳ ಮಟ್ಟಿಗೆ ಹಾಗೆ ಹೇಳಲು ಯಾವ ವೈದ್ಯರಿಂದಲೂ ಆಗದು. ಸಾವಿರಾರು ಜನರ ಲೆಕ್ಕ ಸಿಕ್ಕರೆ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1959ರಿಂದ 1967ರವರೆಗೆ ಗರ್ಭಿಣಿಯರ ರಕ್ತ ತೆಗೆದು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಸಂಶೋಧಕಿ ಬಾರ್ಬರಾ ಕೋನ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ. ಯಾರ ರಕ್ತದಲ್ಲಿ ಡಿಡಿಟಿಯ ಒಂದು ರೂಪ ಅತಿ ಹೆಚ್ಚಿತ್ತೋ ಅವರ ಹೆಣ್ಣುಮಕ್ಕಳಿಗೆ 52 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ, ಅತಿ ಕಡಿಮೆ ಇದ್ದವರ ಹೆಣ್ಣುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು. ಇದೇ ತಂಡ 2007ರಲ್ಲಿ ಆ ತಾಯಂದಿರನ್ನೇ ನೋಡಿತ್ತು. ಹದಿನಾಲ್ಕು ತುಂಬುವ ಮೊದಲೇ ಡಿಡಿಟಿ ಮೈಗೆ ಸೇರಿದವರಲ್ಲಿ ಅಪಾಯ ಕಂಡಿತು. ಆ ವಯಸ್ಸು ದಾಟಿದ ಮೇಲೆ ಸೇರಿದವರಲ್ಲಿ ಕಾಣಲಿಲ್ಲ. ಗರ್ಭದಲ್ಲಿ ಮತ್ತು ಮೈನೆರೆಯುವ ಕಾಲದಲ್ಲಿ ಸ್ತನದ ಜೀವಕೋಶಗಳು ಬೇಗ ಬೇಗ ಒಡೆದು ಬೆಳೆಯುತ್ತಿರುತ್ತವೆ. ವಿಷದ ಪ್ರಮಾಣದಷ್ಟೇ ಅದು ಬಂದ ಹೊತ್ತೂ ಮುಖ್ಯವಾಗುವುದು ಅದಕ್ಕೇ.

ಕೇಳುವುದರಿಂದ ಏನು ಪ್ರಯೋಜನ ಎನ್ನುವವರಿಗೆ ಬಾಸ್ಟನ್ನಿನ ಒಂದು ಸಂಗತಿ. ಅಲ್ಲಿ ಹದಿಹರೆಯದ ಹುಡುಗಿಯರಿಗೆ, ಆ ವಯಸ್ಸಿನಲ್ಲಿ ಬರಬಾರದ ಯೋನಿ ಕ್ಯಾನ್ಸರ್ ಬರತೊಡಗಿತು. ವೈದ್ಯರಿಗೆ ತಲೆಬುಡ ತಿಳಿಯದೆ ಇದ್ದಾಗ ಒಬ್ಬ ಹುಡುಗಿಯ ತಾಯಿಯೇ, ಬಸಿರಿನಲ್ಲಿ ತಾನು ನುಂಗಿದ ಮಾತ್ರೆ ಇದಕ್ಕೆ ಕಾರಣವಿರಬಹುದೇ ಎಂದು ಕೇಳಿದರು. ವೈದ್ಯರು ಉಳಿದ ತಾಯಂದಿರನ್ನೂ ವಿಚಾರಿಸಿದರು. ಎಂಟು ರೋಗಿಗಳಲ್ಲಿ ಏಳು ಜನರ ತಾಯಂದಿರು ಡಿಇಎಸ್ ಎಂಬ ಹಾರ್ಮೋನು ಮಾತ್ರೆ ತೆಗೆದುಕೊಂಡಿದ್ದರು. 1971ರಲ್ಲಿ ಅದು ಪ್ರಕಟವಾಯಿತು, ಅದೇ ವರ್ಷ ಅಮೆರಿಕದ ಔಷಧ ಇಲಾಖೆ ಅದನ್ನು ಗರ್ಭಿಣಿಯರಿಗೆ ಕೊಡಬೇಡಿ ಎಂದಿತು. ಆ ಪ್ರಶ್ನೆ ಕೇಸ್ ಶೀಟಿನಲ್ಲಿ ಇರಲಿಲ್ಲ, ನೋಡಿ.

ಆದ್ದರಿಂದ ಕ್ಯಾನ್ಸರ್ ಆಸ್ಪತ್ರೆಗಳು ಮೂರು ಸಾಲು ಸೇರಿಸಲಿ ಎಂಬುದು ನನ್ನ ಕೋರಿಕೆ. ಹದಿನೈದರವರೆಗೆ ಎಲ್ಲಿದ್ದಿರಿ, ಯಾವ ನೀರು ಕುಡಿದಿರಿ? ಅಪ್ಪ ಅಮ್ಮ ಏನು ಕೆಲಸ ಮಾಡುತ್ತಿದ್ದರು? ಮನೆಗೆ, ಹೊಲಕ್ಕೆ ಏನು ಸಿಂಪಡಿಸುತ್ತಿದ್ದರು? ನನ್ನ ವಯಸ್ಸಿನವರ ನೆನಪು ಮಸುಕಾಗುತ್ತಿದೆ, ಹೇಳಬಲ್ಲ ತಾಯಂದಿರಂತೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಮೊನ್ನೆ ತಪಾಸಣೆಗೆ ಹೋದಾಗ ನಾನೇ ಹೇಳಿ ಬರೆಸಿದೆ. ಜಾಗವಿಲ್ಲದ್ದಕ್ಕೆ ಆ ಹುಡುಗಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ‘ಬಾಲ್ಯದಲ್ಲಿ ಗೋಡೆಗೆ ಡಿಡಿಟಿ’ ಎಂದು ಗೀಚಿದಳು. ಇದು ಕಂಪ್ಯೂಟರಿಗೆ ಏರುತ್ತದೇನಮ್ಮ ಎಂದು ಕೇಳಿದೆ. ಇಲ್ಲ ಮೇಡಂ, ಅದಕ್ಕೆ ಕಾಲಂ ಇಲ್ಲ ಅಂದಳು.

— ಒಬ್ಬ ನಿವೃತ್ತ ಗಣಿತ ಶಿಕ್ಷಕಿ