ಸುಸ್ತು ಎಂದರೆ ಬರೀ ರಕ್ತ ಕಡಿಮೆಯೇ?

ಮಾನ್ಯ ಸಂಪಾದಕರೇ,

ನಮ್ಮ ಬಾಗಲಕೋಟೆ ಕಡೆ ಹೆಣ್ಣುಮಕ್ಕಳು ಸುಸ್ತು ಅಂತ ಡಾಕ್ಟರ ಹತ್ತಿರ ಹೋದರೆ ಉತ್ತರ ಮೊದಲೇ ಸಿದ್ಧವಿರುತ್ತದೆ: ರಕ್ತ ಕಡಿಮೆ, ಟೆನ್ಶನ್ ಜಾಸ್ತಿ. ಇಳಕಲ್ಲಿನ ನಮ್ಮ ನಾದಿನಿಗೆ ಬಹಳ ದಿನ ಕಬ್ಬಿಣದ ಮಾತ್ರೆಯನ್ನೇ ಕೊಟ್ಟರು. ಕೂದಲು ಉದುರುತ್ತಿತ್ತು, ಊಟ ಕಡಿಮೆ ಮಾಡಿದರೂ ತೂಕ ಏರುತ್ತಿತ್ತು, ಏಪ್ರಿಲ್‌ನಲ್ಲೂ ಚಳಿ ಎನ್ನುತ್ತಿದ್ದಳು. ನಮ್ಮೂರ ಏಪ್ರಿಲ್‌ನಲ್ಲಿ ಚಳಿ ಎಂದರೆ ಯಾರಿಗಾದರೂ ಅನುಮಾನ ಬರಬೇಕು, ಅಲ್ವಾ? ಕೊನೆಗೆ ನಾವೇ ಹಟ ಹಿಡಿದು, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದಾಗ ಹೈಪೋಥೈರಾಯ್ಡ್, ಅಂದರೆ ಆ ಗ್ರಂಥಿಯ ಹಾರ್ಮೋನ್ ಕಡಿಮೆ ಎಂದು ತಿಳಿಯಿತು.

ಸ್ವಲ್ಪ ರಕ್ತ ಕೊಟ್ಟರೆ ಮುಗಿಯುವ ಪರೀಕ್ಷೆ ಇದು. ಗಂಡಸರಿಗಿಂತ ಹೆಂಗಸರಲ್ಲೇ ಈ ತೊಂದರೆ ಜಾಸ್ತಿ. ಗರ್ಭಿಣಿಯರಲ್ಲಿ ಕಡೆಗಣಿಸಿದರೆ ಮಗುವಿನ ಮಿದುಳಿನ ಬೆಳವಣಿಗೆಗೂ ತೊಂದರೆ ಆಗಬಹುದು.

ಮಾತ್ರೆ ಬರೆದ ಮೇಲೂ ಡಾಕ್ಟರು ನಾಲ್ಕು ಮಾತು ಹೇಳಬೇಕು. ಆ ಹಾರ್ಮೋನ್ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ 4 ತಾಸು ಅಂತರ ಇರಬೇಕು. 6ರಿಂದ 8 ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ನಮಗೆ ಇದನ್ನೆಲ್ಲ ಹೇಳಿದ್ದು ಔಷಧಿ ಅಂಗಡಿಯವರು!

ಇಂಥ ಲಕ್ಷಣ ಹೇಳಿಕೊಂಡು ಬಂದವರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಹಿಮೋಗ್ಲೋಬಿನ್ ಜೊತೆಗೆ ಟಿಎಸ್‌ಎಚ್ ಕೂಡ ಬರೆದುಕೊಡಲಿ ಎಂದು ಆರೋಗ್ಯ ಇಲಾಖೆಗೆ ನನ್ನ ವಿನಂತಿ.

– ಒಬ್ಬ ಓದುಗಿ, ಬಾಗಲಕೋಟೆ